ಕಳಿಸಿ ಒತ್ತಿದ ಮೇಲೆ

ನಿಪ್ಪಾಣಿಯಲ್ಲಿ ನನ್ನ ಟೈಪಿಂಗ್ ಕ್ಲಾಸು ನಡೆಯುತ್ತಿದ್ದುದು ಒಂದು ತಂಬಾಕಿನ ವಖಾರದ ಮಾಳಿಗೆಯ ಮೇಲೆ. ಕೆಳಗೆ ಹೆಣ್ಣುಮಕ್ಕಳು ಸೆರಗಿನಿಂದ ಮೂಗು-ಬಾಯಿ ಕಟ್ಟಿಕೊಂಡು ತಂಬಾಕು ಜರಡಿ ಹಿಡಿಯುತ್ತಿದ್ದರು, ಮೇಲೆ ನಮ್ಮ ಹುಡುಗ-ಹುಡುಗಿಯರು ರೆಮಿಂಗ್ಟನ್ ಕುಟ್ಟುತ್ತಿದ್ದರು. ಘಾಟು ಮೆಟ್ಟಿಲು ಹತ್ತಿ ಬಂದು ರಿಬ್ಬನ್ನಿನ ಮಸಿ ವಾಸನೆಯಲ್ಲಿ ಬೆರೆಯುತ್ತಿತ್ತು. ಹೊಸದಾಗಿ ಸೇರಿದವರು ಮೊದಲ ವಾರವೆಲ್ಲ ಸೀನುತ್ತಿದ್ದರು. ತಿಂಗಳ ಫೀ 60 ರೂಪಾಯಿ; ಕನ್ನಡ, ಇಂಗ್ಲಿಷು ಎರಡೂ ಕಲಿತರೆ 100. ಪರೀಕ್ಷೆ ಪಾಸಾದರೆ ಕೋರ್ಟಿನಲ್ಲೋ ತಹಶೀಲ್ದಾರ ಕಚೇರಿಯಲ್ಲೋ ನೌಕರಿ ಸಿಕ್ಕೀತೆಂಬ ಆಸೆ ಎಲ್ಲರಿಗೂ.

2001ರ ಸುಮಾರಿಗೆ ಆ ಆಸೆ ಕಂಪ್ಯೂಟರಿನ ಕಡೆ ಹೊರಳಿತು. ತಲಾಠಿಯ ಕೈಬರಹದಲ್ಲಿ ಸಿಗುತ್ತಿದ್ದ ಹೊಲದ ಉತಾರ ಸರ್ಕಾರದ 'ಭೂಮಿ' ಯೋಜನೆಯಿಂದಾಗಿ 15 ರೂಪಾಯಿಗೆ ಕಂಪ್ಯೂಟರಿನಿಂದ ಬರತೊಡಗಿದಾಗ ರೈತರೇ ಬಂದು ಮಕ್ಕಳಿಗೆ "ಅದನ್ನ ಕಲಿಸ್ರಿ ಬಾಯಾರ" ಅಂದರು. ಕೊಲ್ಹಾಪುರದಿಂದ ಎರಡು ಹಳೆಯ ಯಂತ್ರ ತಂದೆ. ಸರ್ಕಾರಿ ಕಂಪನಿ ವಿ.ಎಸ್.ಎನ್.ಎಲ್. 1995ರ ಆಗಸ್ಟ್ 15ರಂದು ದೊಡ್ಡ ಪಟ್ಟಣಗಳಲ್ಲಿ ಶುರು ಮಾಡಿದ್ದ ಇಂಟರ್ನೆಟ್ಟು ಟೆಲಿಫೋನ್ ತಂತಿ ಹಿಡಿದು ನಮ್ಮ ಮೋಡೆಮ್ಮಿಗೂ ಮುಟ್ಟಿತ್ತು. ಗಂಟೆಗೆ 40 ರೂಪಾಯಿ ತೆಗೆದುಕೊಳ್ಳುತ್ತಿದ್ದೆ, ಪ್ರಿಂಟಿಗೆ ಹಾಳೆಗೆ 5.

ರಾತ್ರಿ ಲೈನು ಬಿಡುವಾಗಿರುತ್ತದೆಂದು ಒಂದು ಯಂತ್ರವನ್ನು ಮನೆಗೇ ಒಯ್ದು ಪಡಸಾಲಿಯಲ್ಲಿ ಇಟ್ಟಿದ್ದೆ. ಮಾಡದಲ್ಲಿ ದೇವರ ದೀಪ, ನಾಗೊಂದಿಗೆಯ ಮೇಲೆ ಹಿತ್ತಾಳೆ ಚರಿಗೆಗಳ ಸಾಲು, ಅದರ ಕೆಳಗೆ ಮಾನಿಟರು. ಮೋಡೆಮ್ ಚೀರಿದಾಗ ಅತ್ತೆಯವರು ಕೌದಿಯೊಳಗಿಂದಲೇ ಕೇಳುತ್ತಿದ್ದರು: "ಯವ್ವಾ, ಆ ಡಬ್ಬಿ ಯಾಕ ಹಂಗ ಒದರತೈತಿ?"

"ಅಮೇರಿಕಾದ ಕೂಡ ಮಾತಾಡಾಕತ್ತೈತ್ರಿ ಅತ್ತಿ."

"ಹಂಗಾರ ಲಗೂನ ಮುಗಸು. ದೂರದ ಮಾತು, ಬಿಲ್ ಭಾಳ ಬರತೈತಿ."

ಬಿಲ್ಲು ಬಹಳವೇ ಬರುತ್ತಿತ್ತು.

ಬರಬರುತ್ತ ವೆಬ್‌ಸೈಟು ಮಾಡಿಕೊಡುವ ಕೆಲಸವನ್ನೂ ಹಿಡಿದೆ. ನನ್ನಿಂದ ಮೊದಲ ವೆಬ್‌ಸೈಟು ಮಾಡಿಸಿದವರು ಅಥಣಿಯ ಒಬ್ಬ ಚಪ್ಪಲಿ ವ್ಯಾಪಾರಿ. ತವರಿನ ಕಡೆಯ ಪರಿಚಯ, ಕಾಕಾ ಅನ್ನುತ್ತಿದ್ದೆ. ಕೊಲ್ಹಾಪುರಿ ಎಂದು ದೇಶವೆಲ್ಲ ಕರೆಯುವ ಚಪ್ಪಲಿಯಲ್ಲಿ ಬಹಳಷ್ಟು ಅಥಣಿಯ ಮನೆಗಳಲ್ಲಿ ಹೊಲಿದದ್ದು. 2019ರಲ್ಲಿ ಅದಕ್ಕೆ ಭೌಗೋಳಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಕರ್ನಾಟಕದ ನಾಲ್ಕು ಜಿಲ್ಲೆಗಳೂ ಸೇರಿದವು. ಅವರ ಅಂಗಡಿಗೆ ಕಾಲಿಟ್ಟರೆ ಜಾಲಿ ತೊಗಟೆ ಮತ್ತು ಅಳಲೆಕಾಯಿಯಲ್ಲಿ ಹದ ಮಾಡಿದ ತೊಗಲಿನ ವಾಸನೆ. ಗಂಡಸರು ಅಟ್ಟೆ ಕೊರೆದರೆ ಹೆಣೆಯುವ ನಾಜೂಕಿನ ಕೆಲಸ ಹೆಂಗಸರದು. ಕಾಪ್ಶಿ, ಪುಕಾರಿ, ಕಾನವಾಲಿ ಎಂದು ಒಂದೊಂದು ನಮೂನೆಗೂ ಹೆಸರು. ಒಳ್ಳೆಯ ಜೋಡಿಗೆ 250 ರೂಪಾಯಿ. ನಾಲ್ಕು ಪುಟದ ಸೈಟಿಗೆ ನಾನು 3,000 ಹೇಳಿದೆ. ಕಾಕಾ ಕೇಳಿದ್ದು ಒಂದೇ ಮಾತು: "ನೋಡಿದಾಂವ ನನಗ ಹ್ಯಾಂಗ ಕೇಳಬೇಕು?"

ಸೈಟಿನ ಕೆಲಸವೆಲ್ಲ ಆ ಒಂದು ಪ್ರಶ್ನೆಯಲ್ಲಿತ್ತು. ಆಗ ಪುಸ್ತಕಗಳು ಹೇಳಿಕೊಡುತ್ತಿದ್ದ ಸುಲಭದ ದಾರಿಯೆಂದರೆ ಮೇಲ್‌ಟು. ಫಾರ್ಮಿನ ತಲೆಯ ಮೇಲೆ ನಿಮ್ಮ ಇಮೇಲ್ ವಿಳಾಸ ಬರೆದುಬಿಡುವುದು; ಓದುಗ ಗುಂಡಿ ಒತ್ತಿದಾಗ ಅವನ ಕಂಪ್ಯೂಟರಿನಲ್ಲೇ ಇರುವ ಔಟ್‌ಲುಕ್ ಎಕ್ಸ್‌ಪ್ರೆಸ್ ತೆರೆದು ಪತ್ರ ಹೊರಡಬೇಕು. ಆದರೆ ನಮ್ಮ ದೇಶದಲ್ಲಿ ಹೆಚ್ಚಿನವರು ಕೂರುತ್ತಿದ್ದುದು ಸೈಬರ್ ಕೆಫೆಯ ಬಾಡಿಗೆ ಯಂತ್ರದ ಮುಂದೆ. ಅಲ್ಲಿ ಔಟ್‌ಲುಕ್ಕಿಗೆ ಯಾರ ಖಾತೆಯೂ ಜೋಡಿಸಿರುತ್ತಿರಲಿಲ್ಲ. ಜನ ಹಾಟ್‌ಮೇಲು, ರೆಡಿಫ್‌ಮೇಲಿನವರು. ಹೆಸರು, ಊರು, ಪಾದದ ಉದ್ದ ಎಲ್ಲ ತುಂಬಿ ಒತ್ತಿದರೆ ಅರ್ಥವಾಗದ ಕಿಟಕಿಯೊಂದು ತೆರೆದು ನಿಲ್ಲುತ್ತಿತ್ತು, ತುಂಬಿದ್ದೆಲ್ಲ ಹೋಯಿತು. ಓದುಗನ ಯಂತ್ರವನ್ನು ನಂಬಿ ಕೂರುವ ಹಾಗಿರಲಿಲ್ಲ. ಪತ್ರ ಕಳಿಸುವ ಕೆಲಸವನ್ನು ಪುಟ ಇಟ್ಟಿರುವ ಸರ್ವರೇ ಮಾಡಬೇಕಿತ್ತು. ಪುಕ್ಕಟೆ ಜಾಗ ಕೊಡುವವರು ಅದಕ್ಕೆ ಬಿಡುತ್ತಿರಲಿಲ್ಲವಾದ್ದರಿಂದ ವರ್ಷಕ್ಕೆ 2,500 ರೂಪಾಯಿ ಕೊಟ್ಟು ಹೋಸ್ಟಿಂಗ್ ಕೊಂಡೆ.

ಆಗ ಜಗತ್ತೆಲ್ಲ ಬಳಸುತ್ತಿದ್ದುದು ಫಾರ್ಮ್‌ಮೇಲ್ ಎಂಬ ಪರ್ಲ್ ಸ್ಕ್ರಿಪ್ಟು. ಮ್ಯಾಟ್ ರೈಟ್ ಎಂಬ ಅಮೆರಿಕದ ಹುಡುಗ ಇನ್ನೂ ಶಾಲೆಯಲ್ಲಿದ್ದಾಗ, 1995ರಲ್ಲಿ ಬರೆದು ಎಲ್ಲರಿಗೂ ಹಂಚಿದ್ದು. ಮೊದಲ ಸಾಲಿನಲ್ಲಿ ಪರ್ಲ್ ಎಲ್ಲಿದೆ ಎಂಬ ದಾರಿ, ಅದರ ಕೆಳಗೆ ಸರ್ವರಿನ ಅಂಚೆ ಪ್ರೋಗ್ರಾಮಾದ ಸೆಂಡ್‌ಮೇಲ್ ಎಲ್ಲಿದೆ ಎಂಬ ದಾರಿ. ಒಂದು ಅಡ್ಡಗೆರೆ ತಪ್ಪಿದರೂ ಪರದೆಯ ಮೇಲೆ 500 ಎಂಬ ದೋಷದ ಅಂಕಿ. ಎಫ್.ಟಿ.ಪಿ.ಯಲ್ಲಿ ಆಸ್ಕಿ ರೀತಿಯಲ್ಲೇ ಏರಿಸಬೇಕು, ಆಮೇಲೆ 755 ಎಂಬ ಅನುಮತಿ ಕೊಡಬೇಕು. ಟೈಪಿಂಗ್ ಕಲಿಸಿದ ಕೈಗೆ ಈ ಕಟ್ಟುನಿಟ್ಟು ಹಿಡಿಸಿತು. ಆದರೆ ಆ ಸ್ಕ್ರಿಪ್ಟಿನ ಹಳೆಯ ಆವೃತ್ತಿಗಳಲ್ಲಿ ಪತ್ರ ಯಾರಿಗೆ ಹೋಗಬೇಕೆಂಬುದನ್ನು ಫಾರ್ಮಿನೊಳಗೇ ಮರೆಸಿ ಇಡುತ್ತಿದ್ದರು. ಕಳ್ಳರಿಗೆ ಅದು ತೆರೆದ ಬಾಗಿಲಾಯಿತು. ಆ ಜಾಗದಲ್ಲಿ ಬೇರೆ ವಿಳಾಸ ತುಂಬಿ, ಕಂಡವರ ಸರ್ವರಿನಿಂದ ಸಾವಿರಗಟ್ಟಲೆ ಕಸದ ಪತ್ರ ಕಳಿಸತೊಡಗಿದರು. ಹೋಸ್ಟಿಂಗಿನವರು ಒಬ್ಬೊಬ್ಬರಾಗಿ ಆ ಹೆಸರಿನ ಫೈಲನ್ನೇ ತಡೆದರು.

ಹಾಗಾಗಿ ಪಿ.ಎಚ್.ಪಿ. ಎಂಬ ಇನ್ನೊಂದು ಭಾಷೆ ಹಿಡಿದೆ. ರಾಸ್ಮಸ್ ಲೆರ್ಡಾರ್ಫ್ ತನ್ನ ಸ್ವಂತ ಪುಟಕ್ಕೆಂದು ಮಾಡಿಕೊಂಡ ಸಲಕರಣೆಗಳನ್ನು ಜನರಿಗೆ ಬಿಟ್ಟದ್ದೂ ಅದೇ 1995ರಲ್ಲಿ. ನಮ್ಮ ಕಾಲಕ್ಕೆ ಅದರ ನಾಲ್ಕನೆಯ ಆವೃತ್ತಿ ಬಂದಿತ್ತು. ಇದರಲ್ಲಿ ಮೇಲ್ ಎಂಬ ಒಂದೇ ಆಜ್ಞೆ. ಯಾರಿಗೆ, ವಿಷಯ ಏನು, ಒಡಲಲ್ಲಿ ಏನು, ತಲೆಬರಹದ ಸಾಲುಗಳು ಯಾವುವು — ಈ ನಾಲ್ಕನ್ನು ಕೊಟ್ಟರೆ ಸರ್ವರು ಪತ್ರವನ್ನು ಸೆಂಡ್‌ಮೇಲಿನ ಕೈಗೆ ಕೊಡುತ್ತಿತ್ತು. ಮೊದಲ ಪತ್ರವನ್ನು ನನಗೆ ನಾನೇ ಬರೆದುಕೊಂಡೆ: "ನಿಪ್ಪಾಣಿಯಿಂದ ನಿಪ್ಪಾಣಿಗೆ." ರೆಡಿಫ್‌ಮೇಲಿನಲ್ಲಿ ಅದು ಕಂಡಾಗ ನಡುರಾತ್ರಿ ಮನೆಮಂದಿಯನ್ನೆಲ್ಲ ಎಬ್ಬಿಸಿ ತೋರಿಸಿದ್ದೆ. ಆ ಉಮೇದು ನೆನೆದರೆ ಈಗ ನಗು ಬರುತ್ತದೆ, ಆದರೆ ಆ ಸಂತೋಷ ಖರೆಯಾಗಿತ್ತು.

ಕಾಕಾನ ಹತ್ತಿರ ಕಂಪ್ಯೂಟರಿರಲಿಲ್ಲ. ಬಂದ ಪತ್ರಗಳನ್ನು ನಾನು ಪ್ರಿಂಟು ತೆಗೆದು ಅಥಣಿಗೆ ಹೋಗುವ ಬಸ್ಸಿನಲ್ಲಿ ಯಾರಾದರೂ ಪರಿಚಯದವರ ಕೈಯಲ್ಲಿ ಕಳಿಸುತ್ತಿದ್ದೆ. ಅಂಗಡಿಯ ದಿವಾಣಜಿ ಅವನ್ನು ರೋಜಕೀರ್ದಿಯ ಪಕ್ಕದ ತಂತಿಗೆ, ಹುಂಡಿ-ಪಾವತಿಗಳ ಜೊತೆ ಚುಚ್ಚಿ ಇಡುತ್ತಿದ್ದ. ಒಮ್ಮೆ ಕಾಕಾ ಖುದ್ದು ನಿಪ್ಪಾಣಿಗೆ ಬಂದರು. ಸಂಚಿ ಬಿಚ್ಚಿ ಎಲೆ ಮಡಿಸಿಕೊಳ್ಳುತ್ತ ಕೇಳಿದರು: "ಬಾಯಾರ, ಇದು ಖರೇನ ಮುಂಬೈದಿಂದ ಬಂದದ್ದೇನ್ರಿ?"

"ಹೌದ್ರಿ ಕಾಕಾ. ನಿನ್ನೆ ರಾತ್ರಿ ಬಂದೈತಿ."

"ಮತ್ತ ಅಂಚೆ ಶಿಕ್ಕಾ ಎಲ್ಲೈತಿ?"

ಪತ್ರದ ಪೂರ್ತಿ ತಲೆಬರಹ, ಅಂದರೆ ಹೆಡರು, ತೆರೆದು ತೋರಿಸಿದೆ. ರಿಸೀವ್ಡ್ ಎಂದು ಶುರುವಾಗುವ ಸಾಲುಗಳು ಒಂದರ ಮೇಲೊಂದು; ಪ್ರತಿ ಸಾಲಿನಲ್ಲೂ ಯಾವ ಸರ್ವರು ಯಾರಿಂದ ತೆಗೆದುಕೊಂಡಿತು, ಎಷ್ಟು ಗಂಟೆ, ಎಷ್ಟು ನಿಮಿಷಕ್ಕೆ. ಕೆಳಗಿನದು ಮೊದಲ ಠಾಣೆ, ಮೇಲಿನದು ಕೊನೆಯದು. ಹಳೆಯ ಲಕೋಟೆಯ ಮೇಲೆ ಊರೂರಿನ ಶಿಕ್ಕಾ ಬಿದ್ದ ಹಾಗೆಯೇ ಇತ್ತು ಅದು. ಕಾಕಾ ಬೆರಳಿಟ್ಟು ಕೆಳಗಿನಿಂದ ಮೇಲೆ ಎಣಿಸುತ್ತ ಹೋದರು. "ಹಾಂ, ಈಗ ನಂಬಿಗಿ ಬಂತು" ಅಂದರು. ಅಂದಿನಿಂದ ಪ್ರಿಂಟಿನಲ್ಲಿ ಹೆಡರೂ ಇರಬೇಕೆಂದು ಹೇಳಿದರು. ಒಂದು ಹಾಳೆ ಎರಡಾಯಿತು, 5 ರೂಪಾಯಿ 10 ಆಯಿತು, ಅವರು ಗೊಣಗಲಿಲ್ಲ.

ಪಾದದ ಉದ್ದದ ಖಾನೆ ಬಹಳ ಕಾಡಿತು. ಒಬ್ಬರು 25 ಎಂದು ಬರೆದರೆ ಇನ್ನೊಬ್ಬರು 9.5 ಎನ್ನುತ್ತಿದ್ದರು, ಮತ್ತೊಬ್ಬರು ಬರೀ 8. ಸೆಂಟಿಮೀಟರೋ, ಇಂಚೋ, ಅಂಗಡಿಯ ನಂಬರೋ? ತೊಗಲು ಒಮ್ಮೆ ಕೊರೆದರೆ ಮುಗಿಯಿತು. ಕೊನೆಗೆ ಅಳತೆಯ ಪಕ್ಕ ಮೂರು ದುಂಡು ಗುಂಡಿಗಳನ್ನಿಟ್ಟು, ಒಂದನ್ನಾದರೂ ಒತ್ತದೆ ಫಾರ್ಮು ಮುಂದೆ ಹೋಗದಂತೆ ಮಾಡಿದೆ. ಹೊಲಿಯುವವರ ಮನೆಯ ಹೆಣ್ಣುಮಗಳೊಬ್ಬಳು ಆ ಪ್ರಿಂಟು ಹಿಡಿದು ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಹಾಕಿ, ಎಂದೂ ನೋಡದ ಊರಿನ ಯಾರದೋ ಕಾಲಿನ ಅಳತೆ ತೆಗೆಯುತ್ತಿದ್ದುದನ್ನು ನಾನು ನಿಂತು ನೋಡಿದ್ದೇನೆ.

ಕನ್ನಡದ ಪತ್ರಗಳು ಬೇರೆಯೇ ಕಥೆ. ಬರಹ, ನುಡಿ ಎಂಬ ತಂತ್ರಾಂಶಗಳಲ್ಲಿ ಟೈಪು ಮಾಡಿದ್ದು ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ಇಂಗ್ಲಿಷಿನ ಕಸವಾಗಿ ಕಾಣುತ್ತಿತ್ತು. ಯುನಿಕೋಡ್ ಬಂದ ಮೇಲೂ ತೊಂದರೆ ತಪ್ಪಲಿಲ್ಲ. ಪುಟವನ್ನು ಹಳೆಯ ಪಾಶ್ಚಾತ್ಯ ಅಕ್ಷರಮಾಲೆಗೆ ಗೊತ್ತು ಮಾಡಿದ್ದರೆ ಬ್ರೌಸರು ಕನ್ನಡದ ಒಂದೊಂದು ಅಕ್ಷರವನ್ನೂ ಅದರ ಅಂಕಿಯಾಗಿ ಕಳಿಸುತ್ತಿತ್ತು. "ನಿಪ್ಪಾಣಿ" ಎಂದು ತುಂಬಿದರೆ ಪತ್ರದಲ್ಲಿ ಬರುತ್ತಿದ್ದುದು 3240, 3263, 3242, 3277, 3242, 3262, 3235, 3263. ನಮ್ಮದು ಎರಡು ಭಾಷೆಯ ಸೀಮೆ. ಮರಾಠಿಯಲ್ಲಿ ಬರೆದವರದೂ ಅಂಕಿಗಳೇ. ಆದರೆ ಕನ್ನಡದವು 32ರಿಂದ ಶುರುವಾದರೆ ಮರಾಠಿಯವು 23ರಿಂದ. ದಿನಾ ನೋಡಿ ನೋಡಿ, ಪತ್ರ ಬಿಚ್ಚಿದೊಡನೆ ಬರೆದವರು ಯಾವ ಭಾಷೆಯವರೆಂದು ಹೇಳುವಷ್ಟು ರೂಢಿಯಾಗಿತ್ತು. ಟೈಪಿಂಗ್ ಕ್ಲಾಸಿನ ಹುಡುಗಿಯರಿಗೆ ಅಂಕಿಗಳ ಪಟ್ಟಿ ಬರೆದುಕೊಟ್ಟಿದ್ದೆ; ಅವರು ಪಟಪಟ ಓದಿ ಅಕ್ಷರ ಮಾಡುತ್ತಿದ್ದರು. ಆಮೇಲೆ ಪುಟವನ್ನೂ ಪತ್ರದ ತಲೆಬರಹವನ್ನೂ ಯುಟಿಎಫ್-8ಕ್ಕೆ ತಂದು, ವಿಷಯದ ಸಾಲನ್ನು ಬೇಸ್64ರಲ್ಲಿ ಕಟ್ಟಿ ಕಳಿಸಿದ ಮೇಲೆ ಕನ್ನಡ ಕನ್ನಡವಾಗಿಯೇ ಬಂತು. ಪಟ್ಟಿ ಬೇಡವಾಯಿತು. ಹುಡುಗಿಯರಿಗೆ ಸ್ವಲ್ಪ ಬೇಸರವೇ ಆಯಿತು.

2005ರ ಸುಮಾರಿಗೆ ಹೊಸ ಪೀಡೆ ಶುರುವಾಯಿತು. ಪತ್ರದ ತಲೆಬರಹದಲ್ಲಿ ಒಂದು ಸಾಲು ಮುಗಿದು ಇನ್ನೊಂದು ಶುರುವಾಗುವುದನ್ನು ತಿಳಿಸುವುದು ಎರಡು ಸಂಕೇತ: 13 ಮತ್ತು 10. ಒಂದು ಕ್ಯಾರೇಜ್ ರಿಟರ್ನ್, ಇನ್ನೊಂದು ಲೈನ್ ಫೀಡ್. ನನ್ನ ಟೈಪಿಂಗ್ ಯಂತ್ರದ ಎಡಗೈ ಸನ್ನೆ ಒಂದೇ ಎಳೆತಕ್ಕೆ ಮಾಡುತ್ತಿದ್ದ ಎರಡು ಕೆಲಸ ಇವೇ — ಗಾಡಿಯನ್ನು ಹಿಂದಕ್ಕೆ ದೂಡುವುದು, ಹಾಳೆಯನ್ನು ಒಂದು ಸಾಲು ಮೇಲೆ ಸರಿಸುವುದು. ಕಳ್ಳರು ಇಮೇಲ್ ವಿಳಾಸದ ಖಾನೆಯೊಳಗೆ ಈ ಸಂಕೇತಗಳನ್ನು ತೂರಿಸಿ, ಮುಂದಿನ ಸಾಲಿನಲ್ಲಿ ಬಿಸಿಸಿ, ಅಂದರೆ ಗುಟ್ಟಿನ ಪ್ರತಿ, ಎಂದು ಬರೆದು ನೂರಾರು ವಿಳಾಸ ತುಂಬುತ್ತಿದ್ದರು. ಸರ್ವರಿಗೆ ಅದೂ ತಲೆಬರಹದ ಇನ್ನೊಂದು ಸಾಲಾಗಿಯೇ ಕಾಣುತ್ತಿತ್ತು. ಒಂದು ಸಾಲಿನ ಖಾನೆಯಲ್ಲಿ 13, 10 ಕಂಡರೆ ಪತ್ರವನ್ನೇ ತಡೆಯುವುದು — ಮದ್ದು ಇಷ್ಟೇ. ಹುಡುಗರಿಗೆ ಇದನ್ನು ತಿಳಿಸಲು ಮೂಲೆಯಲ್ಲಿದ್ದ ರೆಮಿಂಗ್ಟನ್ನಿನ ಅರಿವೆ ಸರಿಸಿ ಸನ್ನೆ ಎಳೆದು ತೋರಿಸಿದೆ. ಅಷ್ಟರಲ್ಲಿ ಅದನ್ನು ಮುಟ್ಟುವವರೇ ಇರಲಿಲ್ಲ.

ಯಂತ್ರಗಳೇ ಫಾರ್ಮು ತುಂಬುವ ಕಾಟಕ್ಕೆ ಎಲ್ಲ ಕಡೆ ಸೊಟ್ಟಂಬಟ್ಟ ಅಕ್ಷರ ಓದಿಸುವ ಕ್ಯಾಪ್ಚಾ ಬಂತು. ರಾಯಬಾಗದ ಬೆಲ್ಲದ ವ್ಯಾಪಾರಿಯೊಬ್ಬರ ಗಿರಾಕಿಗಳಿಗೆ ಅದು ಓದಲಾಗುತ್ತಿರಲಿಲ್ಲ. ಅದಕ್ಕೆ ನಾನೊಂದು ಪ್ರಶ್ನೆ ಇಟ್ಟೆ: "ಬೆಲ್ಲದ ರುಚಿ ಎಂಥದು?" ಪರದೇಶದ ಯಂತ್ರಗಳಿಗೆ ಉತ್ತರ ಹೊಳೆಯಲಿಲ್ಲ. ಮನುಷ್ಯರು ಮಾತ್ರ ನೂರು ಥರ ಹೇಳಿದರು — ಸಿಹಿ, ಸೀ, ಸವಿ, ಗೋಡ, ಮೀಠಾ, ಸ್ವೀಟ್, ಇಂಗ್ಲಿಷ್ ಅಕ್ಷರದಲ್ಲಿ ಸಿಹಿ. ಒಬ್ಬರು "ಭಾಳ ಛಲೋ" ಎಂದು ಬರೆದಿದ್ದರು. ಸ್ಕ್ರಿಪ್ಟಿನಲ್ಲಿ ಸರಿಯುತ್ತರಗಳ ಪಟ್ಟಿ ಉದ್ದವಾಗುತ್ತ ಹೋಯಿತು. ಭಾಳ ಛಲೋವನ್ನೂ ಸೇರಿಸಿದೆ.

ಈ ಕಸುಬಿನಲ್ಲಿ ನಾನು ಹೊಸಬರಿಗೆ ಮತ್ತೆ ಮತ್ತೆ ಹೇಳುವ ಮಾತು ಒಂದಿದೆ. ಪಿ.ಎಚ್.ಪಿ.ಯ ಮೇಲ್ ಆಜ್ಞೆ "ಆಯಿತು" ಎಂದು ಉತ್ತರ ಕೊಟ್ಟರೆ ಪತ್ರ ಮುಟ್ಟಿತೆಂದು ಅರ್ಥವಲ್ಲ. ಪಕ್ಕದ ಅಂಚೆ ಪ್ರೋಗ್ರಾಮು ಪತ್ರವನ್ನು ಕೈಗೆ ತೆಗೆದುಕೊಂಡಿತು, ಅಷ್ಟೇ. ಆಮೇಲೆ ಅದು ಸ್ಪ್ಯಾಮಿನಲ್ಲಿ ಬೀಳಬಹುದು, ದಾರಿಯಲ್ಲೇ ತಿರಸ್ಕಾರವಾಗಬಹುದು. ಪರದೆಯ ಮೇಲೆ ಮಾತ್ರ "ಧನ್ಯವಾದ, ನಿಮ್ಮ ಮಾಹಿತಿ ತಲುಪಿದೆ" ಎಂದು ಕಾಣುತ್ತದೆ. ಈ ಭಾಗದ ಒಂದು ಕಾಲೇಜಿನ ಪ್ರವೇಶದ ಫಾರ್ಮು ಹಾಗೆ ಒಂದಿಡೀ ಬೇಸಿಗೆ ಧನ್ಯವಾದ ಹೇಳುತ್ತ ಹೋಯಿತು. ಪೆಟ್ಟಿಗೆಯಲ್ಲಿ ಒಂದು ಪತ್ರವೂ ಇರಲಿಲ್ಲ. ನನ್ನ ಅಕ್ಕನ ಮೊಮ್ಮಗಳು ಅದನ್ನು ತುಂಬಿ, ಉತ್ತರ ಬರುತ್ತದೆಂದು ಕಾದು, ಬೇರೆ ಕಡೆಯ ಕೊನೆಯ ತಾರೀಖನ್ನೂ ಕಳೆದುಕೊಂಡಳು. ಆ ಮಗುವಿನ ಮುಖ ನೋಡಿದ ಮೇಲೆ, ಪತ್ರ ಕಳಿಸುವ ಮೊದಲು ತುಂಬಿದ್ದನ್ನು ಸರ್ವರಿನ ಡೇಟಾಬೇಸಿನಲ್ಲಿ ಬರೆದಿಡದ ಫಾರ್ಮನ್ನು ನಾನು ಯಾರಿಗೂ ಮಾಡಿಕೊಟ್ಟಿಲ್ಲ.

ಪತ್ರ ಮುಟ್ಟದಿರಲು ಕಾರಣಗಳೂ ಕಾಲಕ್ಕೆ ತಕ್ಕಂತೆ ಬದಲಾದವು. ಮೊದಲು ನಾವೆಲ್ಲ ತುಂಬಿದವರ ವಿಳಾಸವನ್ನೇ "ಇಂದ" ಎಂಬಲ್ಲಿ ಹಾಕುತ್ತಿದ್ದೆವು, ಉತ್ತರ ಬರೆಯಲು ಸಲೀಸೆಂದು. 2014ರ ಏಪ್ರಿಲಿನಲ್ಲಿ ಯಾಹೂ ತನ್ನ ಡಿಮಾರ್ಕ್ ನಿಯಮ ಬಿಗಿ ಮಾಡಿತು: ಯಾಹೂ ವಿಳಾಸ ಹೊತ್ತ ಪತ್ರ ಯಾಹೂದ ಸರ್ವರಿನಿಂದ ಬರದಿದ್ದರೆ ತಿರಸ್ಕರಿಸಿ. ಅಲ್ಲಿಂದ ಕಳಿಸುವವರ ಹೆಸರಿನಲ್ಲಿ ಸೈಟಿನದೇ ವಿಳಾಸ, ತುಂಬಿದವರದು ರಿಪ್ಲೈ-ಟು ಸಾಲಿನಲ್ಲಿ. ಬರೀ ಮೇಲ್ ಆಜ್ಞೆ ಬಿಟ್ಟು, ಪಿಎಚ್‌ಪಿಮೇಲರ್ ಎಂಬ ಸಲಕರಣೆಯ ಮೂಲಕ ಪಾಸ್‌ವರ್ಡು ಕೊಟ್ಟು ಕಳಿಸುವ ರೂಢಿ ಬಂತು. 2024ರ ಫೆಬ್ರುವರಿಯಿಂದ ಜಿಮೇಲು, ಯಾಹೂ ಎರಡೂ ಇನ್ನಷ್ಟು ಬಿಗಿ. ಒಳ್ಳೆಯದೇ ಆಯಿತು.

ತಾಲ್ಲೂಕಿನ ಪಟ್ಟಿಯೂ ಬೆಳೆಯಿತು. ನಮ್ಮ ಫಾರ್ಮುಗಳಲ್ಲಿ ಮೊದಲು ಚಿಕ್ಕೋಡಿ, ರಾಯಬಾಗ, ಅಥಣಿ ಇದ್ದವು. 2014ರ ನವೆಂಬರ್ 1ಕ್ಕೆ ಮೇಲಿನ ಜಿಲ್ಲೆಯ ಸಾಲಿನ ಬೆಳಗಾಂ ಹೋಗಿ ಬೆಳಗಾವಿ ಬಂತು. 2018ರಲ್ಲಿ ಚಿಕ್ಕೋಡಿಯಿಂದ ನಿಪ್ಪಾಣಿ, ಅಥಣಿಯಿಂದ ಕಾಗವಾಡ ಬೇರೆಯಾದವು. ಮೂರು ಐದಾಯಿತು. ಆ ಐದು ಹೆಸರಿನ ಪಟ್ಟಿ ಮರುವರ್ಷವೇ ಎಂಥ ಉಪಯೋಗಕ್ಕೆ ಬರುತ್ತದೆಂದು ಯಾರಿಗೆ ಗೊತ್ತಿತ್ತು?

2019ರ ಆಗಸ್ಟಿನಲ್ಲಿ ಕೃಷ್ಣೆ, ದೂಧಗಂಗೆ, ವೇದಗಂಗೆ ಮೂರೂ ಏರಿದವು. ಯಮಗರ್ಣಿಯ ಹತ್ತಿರ ಹೆದ್ದಾರಿಯ ಮೇಲೆ ನೀರು ಬಂದು ಪುಣೆ-ಬೆಂಗಳೂರು ದಾರಿ ಬಂದಾಯಿತು. ಕಲ್ಲೋಳ-ಯಡೂರ ಸೇತುವೆ ಎಂದಿನಂತೆ ಮುಳುಗಿತು. ಕುಡಚಿ, ಜುಗೂಳ, ಮಂಗಾವತಿ, ಇಂಗಳಿಯ ಜನ ದನಕರು ಹೊಡೆದುಕೊಂಡು ಶಾಲೆ, ಮಠಗಳಲ್ಲಿ ಕೂತರು. ಬೆಂಗಳೂರಿನವರು, ಹೊರದೇಶದ ನಮ್ಮ ಮಂದಿ ಏನು ಕಳಿಸಲಿ, ಎಲ್ಲಿಗೆ ಕಳಿಸಲಿ ಎಂದು ಒಂದೇ ಸವನೆ ಫೋನು ಮಾಡುತ್ತಿದ್ದರು. ಹಳೆಯ ಶಿಷ್ಯರು ಸೇರಿ ಒಂದು ಫಾರ್ಮು ಮಾಡಿದೆವು. ಏನು ಕೊಡುತ್ತೀರಿ, ಎಷ್ಟು, ಯಾವ ತಾಲ್ಲೂಕಿಗೆ, ಫೋನ್ ನಂಬರು. ಪತ್ರದ ವಿಷಯದ ಸಾಲಿನಲ್ಲೇ ತಾಲ್ಲೂಕು ಮೊದಲು ಬರುವಂತೆ ಸ್ಕ್ರಿಪ್ಟು ಬರೆದೆ: "ಕಾಗವಾಡ – ಹಾಸಿಗೆ 40", "ರಾಯಬಾಗ – ಕುಡಿಯುವ ನೀರು", "ಅಥಣಿ – ದನದ ಮೇವು ಒಂದು ಲಾರಿ". ಐದು ತಾಲ್ಲೂಕಿಗೆ ಐದು ಹುಡುಗರು. ತಮ್ಮ ತಾಲ್ಲೂಕಿನ ಹೆಸರಿನವನ್ನಷ್ಟೇ ಆರಿಸಿ, ಕೊಡುವವರಿಗೂ ಊರಿನವರಿಗೂ ಫೋನು ಹಚ್ಚುತ್ತಿದ್ದರು. ಎಷ್ಟೋ ಕಡೆ ಕರೆಂಟು ಇರಲಿಲ್ಲ. ಊರಿನ ಕಡೆಯಿಂದ ಬೇಡಿಕೆ ಬರುತ್ತಿದ್ದುದು ವಾಟ್ಸ್ಆ್ಯಪಿನಲ್ಲಿ, ಅದೂ ಧ್ವನಿಯಲ್ಲಿ: "ಅಕ್ಕಾ, ರೊಟ್ಟಿ ಸಾಕು, ಸಣ್ಣ ಕೂಸುಗೋಳಿಗೆ ಹಾಲು ಬೇಕಾಗ್ಯದ." ನೀರಿನ ನಡುವೆ ನಿಂತವರು ಖಾನೆ ತುಂಬುತ್ತ ಕೂರಲಾರರು. ಕೊಡುವವರಿಗೆ ಫಾರ್ಮು, ಬೇಡುವವರಿಗೆ ಧ್ವನಿ — ಆ ಮಳೆಗಾಲದಲ್ಲಿ ಎರಡೂ ಬೇಕಾದವು. ಮುಂದಿನದು ಯಾವ ಕಡೆ ಹೋಗುತ್ತದೆಂದು ನನಗೆ ಅಲ್ಲಿಯೇ ತಿಳಿಯಿತು.

ಅಥಣಿಯ ಕಾಕಾ ಈಗಿಲ್ಲ. ಅವರ ಮಗ ಸೈಟಿನ ಫಾರ್ಮು ತೆಗೆದು ವಾಟ್ಸ್ಆ್ಯಪಿನ ಹಸಿರು ಗುಂಡಿ ಹಾಕಿಸಿದ್ದಾನೆ. ಗಿರಾಕಿಗಳು ಹಾಳೆಯ ಮೇಲೆ ಕಾಲಿಟ್ಟು, ಪಕ್ಕ ಅಳತೆಪಟ್ಟಿ ಇಟ್ಟು ಫೋಟೊ ಕಳಿಸುತ್ತಾರೆ. ಅಳತೆಗೆ ಇದೇ ಸರಿಯಾದ ದಾರಿ. ಮೂರು ಗುಂಡಿಗಳಿಟ್ಟು ನಾನು ಬಿಡಿಸಿದ್ದ ಗೊಂದಲ ಈಗ ಹುಟ್ಟುವುದೇ ಇಲ್ಲ. ಟೈಪಿಂಗ್ ಕ್ಲಾಸು ಮುಚ್ಚಿ ಬಹಳ ವರ್ಷವಾಯಿತು.

ರಾಯಬಾಗದ ಬೆಲ್ಲದವರು ಮಾತ್ರ ಇನ್ನೂ ಇಮೇಲೇ ಬೇಕೆನ್ನುತ್ತಾರೆ. ಸಗಟು ಗಿರಾಕಿ ಬರವಣಿಗೆಯಲ್ಲಿ ಕೇಳಬೇಕು, ಕೇಳಿದ್ದು ತಾರೀಖಿನ ಸಮೇತ ಉಳಿಯಬೇಕು ಎಂಬುದು ಅವರ ಹಟ, ನನ್ನದೂ ಅದೇ. ಹೋಸ್ಟಿಂಗಿನವರು ಹಳೆಯ ಪಿ.ಎಚ್.ಪಿ. ನಿಲ್ಲಿಸುತ್ತೇವೆಂದಾಗ ತಂಗಿಯ ಮಗ ಕೂತು ಅದನ್ನು ಎಂಟನೆಯ ಆವೃತ್ತಿಗೆ ಏರಿಸಿದ. ನಡುವೆ ಸರಿಯುತ್ತರಗಳ ಪಟ್ಟಿ ಕಣ್ಣಿಗೆ ಬಿತ್ತು. "ದೊಡ್ಡವ್ವಾ, ಇದೇನು, ಭಾಳ ಛಲೋ ಅಂತೈತಿ?" ಎಂದು ಕೇಳಿದ. ಅದು ಇರಲಿ ಅಂದೆ. ಅವನು ತನ್ನ ಕಡೆಯಿಂದ ಒಂದು ಉತ್ತರ ಸೇರಿಸಿ, ಸೈಟಿಗೆ ಏರಿಸಿ, ಫಾರ್ಮು ತುಂಬಿ ನೋಡಿದ. ಪತ್ರ ಬಂತು, ಡೇಟಾಬೇಸಿನಲ್ಲೂ ಬರೆದುಕೊಂಡಿತ್ತು.